ಎಡಗೈ ಬೆಸುಗೆ

ಬೆಳಿಗ್ಗೆ ಏಳು. ರುಸ್ತಾವಿಯ ಗಾಡಿ ಸಂತೆ.
ಮಂಜು ಮುಂಗಾಜುಗಳ ಮೇಲಿನ ಬೆಲೆಗಳನ್ನು ಅರ್ಧರ್ಧ ಅಳಿಸಿದೆ.
ನನ್ನ ನಾದಿನಿ ತ್ಸಿಯುರಿ
ಕುರಿಹಾಲಿನ ಚೀಸು ಮಾರಿದ ದುಡ್ಡನ್ನು
ಕಾಲುಚೀಲದೊಳಗಿಟ್ಟು ಬಂದಿದ್ದಾಳೆ.
"ನಿಮಗೆ ಗೊತ್ತಾಗುತ್ತೆ, ಭಾವ. ನನಗೆ ಬಣ್ಣ ಮಾತ್ರ ಕಾಣುತ್ತೆ."

ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ.
ಬಿಸಿ.
ರಾತ್ರಿಯಿಡೀ ಚಳಿಯಲ್ಲಿ ನಿಂತ ಗಾಡಿಗೆ ಜ್ವರ ಎಲ್ಲಿಂದ?
ನಾವು ಬರುವ ಮೊದಲೇ ಓಡಿಸಿಟ್ಟಿದ್ದಾರೆ,
ತಣ್ಣಗಿದ್ದಾಗ ಹೊರಡುವ ಚೈನಿನ ಕಟಕಟ
ನಮ್ಮ ಕಿವಿಗೆ ಬೀಳದಿರಲೆಂದು.

ಮಾರುವವನು ಜೌರಿ. ಎದೆ ಮುಟ್ಟಿಕೊಂಡು ಹೇಳಿದ:
"ಮೊನ್ನೆ ಹಡಗಿನಿಂದ ಇಳಿದದ್ದು, ಅಮೆರಿಕದ್ದು.
ಒಬ್ಬಳೇ ಒಡತಿ. ಮುದುಕಿ. ಚರ್ಚು, ಮನೆ. ಅಷ್ಟೇ."
ಮೀಟರು ತೊಂಬತ್ತೆಂಟು ಸಾವಿರ ಅನ್ನುತ್ತದೆ.
ಬ್ರೇಕ್ ಪೆಡಲಿನ ರಬ್ಬರು ಬೇರೆಯೇ ಅನ್ನುತ್ತದೆ,
ಗೀರೆಲ್ಲ ಸವೆದು ಹಲ್ಲುಬಿದ್ದ ಒಸಡಿನಷ್ಟು ನುಣುಪು.
ಸೀಟಿನ ಎಡ ಅಂಚು ಕುಸಿದಿದೆ,
ಸ್ಟಿಯರಿಂಗಿನ ತೊಗಲು ಎರಡು ಕಡೆ ಬೋಳು.
ಮುದುಕಿಯ ಚರ್ಚು ಚಂದ್ರನ ಮೇಲಿದ್ದಿರಬೇಕು.

ಎಣ್ಣೆಯ ಮುಚ್ಚಳ ತಿರುಗಿಸಿದರೆ
ಒಳಗೆ ಹಾಲು ಬೆರೆತ ಕಾಫಿಯ ಕೆನೆ.
ಎಲ್ಲೋ ನೀರೂ ಎಣ್ಣೆಯೂ ಕದ್ದು ಕೂಡುತ್ತಿವೆ.
ಗೇರಿನೆಣ್ಣೆ ಮೂಸಿದೆ: ಸೀದ ರೊಟ್ಟಿ.
ಹಿಂದಿನ ಕಾರ್ಪೆಟ್ಟಿನಡಿ ಮರಳು, ಸಣ್ಣ ಗೆರೆಯಾಗಿ,
ಯಾವುದೋ ಊರಿನ ನೆರೆ ಅಲ್ಲಿಯವರೆಗೆ ಏರಿ ಇಳಿದ ಗುರುತು.
ಜೊತೆಗೊಂದು ಮಗುವಿನ ಬಳಪ, ಹಸಿರು.
ತ್ಸಿಯುರಿ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡಳು.

"ಎಂಟು ಸಾವಿರ ಡಾಲರ್."
"ಐದು."
"ನನ್ನ ಮಕ್ಕಳ ಮೇಲಾಣೆ!"
"ಎಷ್ಟು ಮಕ್ಕಳು?" ಕೇಳಿದಳು ತ್ಸಿಯುರಿ.
ಜೌರಿ ಒಂದು ಕ್ಷಣ ಲೆಕ್ಕ ಹಾಕಿದ.

ಕೊನೆಗೆ ರಟ್ಟು ಹಾಸಿ ಅಡಿಗೆ ತೂರಿದೆ,
ಟಾರ್ಚು ಬಾಯಲ್ಲಿ.
ಚಾಸಿಗೆ ಹೊಸ ಕಪ್ಪು ಬಣ್ಣ, ದಪ್ಪಗೆ,
ಮುದಿ ಮದುಮಗನ ಮೀಸೆಯ ಹಾಗೆ.
ಎಡಗಡೆ, ಹಿಂಚಕ್ರಕ್ಕಿಂತ ಒಂದು ಗೇಣು ಮುಂದೆ
ಸ್ಕ್ರೂಡ್ರೈವರಿನಿಂದ ಕೆರೆದೆ.
ಬಣ್ಣ ಸಿಪ್ಪೆಯಂತೆ ಸುಲಿದು ಬಂತು.
ಒಳಗೆ ಬೆಸುಗೆ. ಮೀನಿನ ಹುರುಪೆಯಂತೆ
ಒಂದರ ಮೇಲೊಂದು, ಸಾಲಾಗಿ,
ಆದರೆ ಎಲ್ಲರ ಹುರುಪೆ ಒರಗುವ ಕಡೆಗಲ್ಲ,
ಅದರ ಎದುರು ದಿಕ್ಕಿಗೆ.
ಈ ಊರಲ್ಲಿ ಎಡಗೈಯಲ್ಲಿ ಬೆಸೆಯುವವನು ಒಬ್ಬನೇ.
ಅವನೀಗ ಅದರ ಕೆಳಗೆ ಅಂಗಾತ ಮಲಗಿದ್ದಾನೆ.

ಏಳು ವರ್ಷದ ಹಿಂದಿನ ಚಳಿಗಾಲ.
ಯಾರ ಗಾಡಿಯೆಂದು ಕೇಳಿರಲಿಲ್ಲ.
"ಬಿರುಕು ಕಾಣದಿದ್ದರೆ ಸಾಕು" ಅಂದಿದ್ದ ಯಾರೋ,
ನಗದು ಎಣಿಸಿದ್ದ.
ಕಾಣದಂತೆ ಮಾಡಿದ್ದೆ.
ಆ ಒಂದು ಕೆಲಸವನ್ನು ಚೆನ್ನಾಗಿಯೇ ಮಾಡಿದ್ದೆ.

"ಏನಾದರೂ ಇದೆಯಾ, ಭಾವ?"
ನನಗೆ ಕಾಣುವುದು ಅವಳ ಬೂಟು ಮಾತ್ರ,
ಮಡಿಚಿ ಹೊಲಿದ ಹಿಮ್ಮಡಿ.
ಜೂನ್ ಬಂದರೆ ಅವಳು ಇದಕ್ಕೆ ಉಪ್ಪು, ಹಿಟ್ಟು,
ಕುರುಬರ ಟಾರ್ಪಾಲು, ಒಂದು ಕುಂಟು ಟಗರು ಹೇರಿಕೊಂಡು
ಅಬಾನೊ ಘಟ್ಟ ಹತ್ತಬೇಕು.
ಅಲ್ಲಿ ರಸ್ತೆಗೆ ಅಂಚಿಲ್ಲ, ಅಂಚಿನಾಚೆ ಮೋಡ.
ಟಾರ್ಚು ಬಾಯಲ್ಲಿದ್ದದ್ದು ಒಳ್ಳೆಯದಾಯಿತು,
ತಕ್ಷಣ ಉತ್ತರಿಸಬೇಕಾಗಿ ಬರಲಿಲ್ಲ.

ಹೊರಗೆ ಬಂದೆ.
"ಚಾಸಿ ಬಿಟ್ಟಿದೆ," ಅಂದೆ. "ಬಣ್ಣದ ಕೆಳಗೆ. ಏಳು ವರ್ಷದ್ದು.
ಮೊನ್ನೆ ಹಡಗಿಳಿದ ಗಾಡಿಯಲ್ಲ ಇದು."
ಜೌರಿ ನಕ್ಕ: "ಹೆತ್ತವನ ಹಾಗೆ ವರ್ಷ ಹೇಳುತ್ತೀಯಲ್ಲ!"
ಕಳ್ಳನ ಮನಸ್ಸು ಹುಳ್ಳಗೆ. ಕೈ ಒರೆಸಿಕೊಳ್ಳತೊಡಗಿದೆ.
ತ್ಸಿಯುರಿ ನನ್ನ ಎಡಗೈ ನೋಡಿದಳು,
ಕಪ್ಪು ಮೆತ್ತಿದ ಉಗುರು ನೋಡಿದಳು,
ಮತ್ತೆ ಮುಖ.
"ಮುಂದಿನ ಸಾಲು ನೋಡೋಣ," ಅಂದಳು.

ಮುಂದಿನ ಸಾಲಿನಲ್ಲಿ ಹನ್ನೊಂದು ಗಾಡಿ.
ರಟ್ಟು ಮಡಚಿ ಕಂಕುಳಲ್ಲಿಟ್ಟು ಹಿಂದೆ ನಡೆದೆ.
ಮೊದಲನೆಯದರ ಬಾನೆಟ್ ತಣ್ಣಗಿತ್ತು.
ಅಡಿಗೆ ಬಗ್ಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.